ಬೆಟ್ಟದ ಗಾಯ, ಕಾರ್ಮಿಕನ ಗಾಯ: ಭಾರೀ ವಾಹನಗಳ ಅಪಘಾತ ಮತ್ತು ನಂತರದ ಹಕ್ಕುಗಳು



ಮಲೆನಾಡಿನ ಪರಿಸರ ಚಳವಳಿಗೆ ಎಣಿಸುವ ಅಭ್ಯಾಸವಿದೆ. ಉರುಳಿದ ಮರಗಳನ್ನು, ಬತ್ತಿದ ಝರಿಗಳನ್ನು, ಅಗೆದೊಯ್ದ ಮಣ್ಣಿನ ಲೋಡುಗಳನ್ನು ಅದು ಎಣಿಸುತ್ತ ಬಂದಿದೆ. 2000ದ ದಶಕದಲ್ಲಿ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಹಗಲಿರುಳೆನ್ನದೆ ಘಟ್ಟ ಇಳಿದು ಬೇಲೆಕೇರಿ, ಮಂಗಳೂರು ಬಂದರುಗಳತ್ತ ಸಾಗಿದವು. ಆ ಅಕ್ರಮದ ಲೆಕ್ಕ 2008 ಮತ್ತು 2011ರ ಲೋಕಾಯುಕ್ತ ವರದಿಗಳಲ್ಲಿ ದಾಖಲಾಯಿತು. ಆದರೆ ಆ ಲಾರಿಗಳ ಚಾಲಕರಲ್ಲಿ, ಕ್ಲೀನರುಗಳಲ್ಲಿ, ಲೋಡು ಮಾಡಿದ ಹಮಾಲರಲ್ಲಿ ಎಷ್ಟು ಮಂದಿ ಕೈಕಾಲು ಕಳೆದುಕೊಂಡು ಊರಿಗೆ ಮರಳಿದರು ಎಂಬ ಲೆಕ್ಕವನ್ನು ಊರುಗಳೂ ಇಡಲಿಲ್ಲ, ಚಳವಳಿಯೂ ಇಡಲಿಲ್ಲ.

ಈ ಮೌನಕ್ಕೆ ಒಂದು ಕಾರಣವುಂಟು. ಬೆಟ್ಟ ಕಡಿಯುವ ಯಂತ್ರದ ಮೇಲೆ ಕುಳಿತವನನ್ನು ಬೆಟ್ಟದ ವೈರಿಯೆಂದೇ ಕಾಣುವ ರೂಢಿ ಬೆಳೆದುಬಿಟ್ಟಿದೆ. ಆದರೆ ಟಿಪ್ಪರ್ ನಡೆಸುವವನು ಬಹುಪಾಲು ಇದೇ ಊರುಗಳ ಹುಡುಗ. ಅಡಿಕೆಗೆ ಕೊಳೆರೋಗ ಬಂದ ವರ್ಷ ತೋಟದಲ್ಲಿ ಕೂಲಿ ಸಿಗದೆ ಕ್ವಾರಿಗೆ ಹೋದವನು. ಇಲ್ಲವೇ ಬಯಲುಸೀಮೆಯಿಂದಲೋ, ಜಾರ್ಖಂಡ್, ಒಡಿಶಾಗಳಿಂದಲೋ ಹೊಟ್ಟೆಪಾಡಿಗೆ ಬಂದವನು. ಬೆಟ್ಟದ ಲಾಭ ಅವನದಲ್ಲ. ಬೆಟ್ಟ ಜರಿದಾಗ ಮೊದಲು ಸಿಕ್ಕಿಬೀಳುವವನು ಮಾತ್ರ ಅವನೇ. ಬೆಟ್ಟಕ್ಕಾದ ಗಾಯವನ್ನು ಮುಚ್ಚಿಡುವ ಕೈಯೇ ಕಾರ್ಮಿಕನಿಗಾದ ಗಾಯವನ್ನೂ ಮುಚ್ಚಿಡುತ್ತದೆ ಎಂಬುದು ಇಂದಿನ ಮಾತಿನ ತಿರುಳು. ಆದುದರಿಂದ ಎರಡನ್ನೂ ಬಯಲಿಗೆ ತರುವ ಕೆಲಸ ಒಂದೇ.

ಮೂರು ಘಟನೆಗಳು

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲುಕ್ವಾರಿಗೆಂದು ಬಂದ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ನೆಲ ನಡುಗಿದ್ದನ್ನು ಕಂಡು ಸುತ್ತಲಿನ ಜಿಲ್ಲೆಗಳ ಜನ ಭೂಕಂಪವೆಂದೇ ಬೆದರಿ ಹೊರಗೆ ಓಡಿಬಂದರು. ಲಾರಿ ಛಿದ್ರವಾಗಿತ್ತು, ಸತ್ತ ಕಾರ್ಮಿಕರ ದೇಹಗಳ ಗುರುತು ಹಿಡಿಯುವುದೇ ಕಷ್ಟವಾಯಿತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ರಸ್ತೆಬದಿಯ ಚಹಾ ಅಂಗಡಿಯ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಸರಿದವು. ಮರದ ದಿಮ್ಮಿ ಹೊತ್ತು ಕೇರಳಕ್ಕೆ ಹೊರಟಿದ್ದ ಲಾರಿಯೂ ಅದರ ಚಾಲಕನ ದೇಹವೂ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳು ಕಳೆದ ಮೇಲೆ.

2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಹಣ್ಣು ತರಕಾರಿ ತುಂಬಿದ ಲಾರಿ ಕಣಿವೆಗೆ ಉರುಳಿತು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಸಣ್ಣ ವ್ಯಾಪಾರಿಗಳು ಸರಕಿನ ಮೇಲೆಯೇ ಕುಳಿತಿದ್ದರು. ಹತ್ತು ಜೀವಗಳು ಹೋದವು.

ಈ ಮೂರನ್ನೂ ಪತ್ರಿಕೆಗಳು ಮೂರು ಬಗೆಯಾಗಿ ಕರೆದವು: ಸ್ಫೋಟ, ಭೂಕುಸಿತ, ರಸ್ತೆ ಅಪಘಾತ. ಸತ್ತವರು ದುಡಿಯುತ್ತಿದ್ದಾಗ, ಇಲ್ಲವೇ ದುಡಿಮೆಗೆಂದು ಹೊರಟಾಗ ಸತ್ತರು ಎಂಬ ಸಮಾನ ಅಂಶ ಮರೆಗೆ ಸರಿಯಿತು. ಶಿರೂರಿನಲ್ಲಿ ಗುಡ್ಡ ಕುಸಿದದ್ದು ಮಳೆಯಿಂದ ಎನ್ನಬಹುದು. ಆದರೆ ಆ ಚಾಲಕನನ್ನು ಆ ಹೊತ್ತಿಗೆ ಆ ತಿರುವಿಗೆ ಕರೆದೊಯ್ದದ್ದು ಅವನ ಉದ್ಯೋಗವೇ. ದಾರಿಯಲ್ಲಿ ಲಾರಿ ನಿಲ್ಲಿಸಿ ದಣಿವಾರಿಸಿಕೊಳ್ಳುವುದೂ ಚಾಲಕನ ಕೆಲಸದ ಭಾಗವೇ. ಹೀಗೆ ನೋಡಿದಾಗ ಮಾತ್ರ ಹಕ್ಕಿನ ಪ್ರಶ್ನೆ ಏಳುತ್ತದೆ.

ಅಪಘಾತ ಹೇಗೆ ಹುಟ್ಟುತ್ತದೆ

ಕ್ವಾರಿಯ ಅಪಘಾತಕ್ಕೆ ವಿಧಿಯನ್ನು ದೂರುವುದು ಸುಲಭ. ಆದರೆ ಅದರ ಕಾರಣಗಳು ಎಲ್ಲರ ಕಣ್ಣೆದುರೇ ಇರುತ್ತವೆ. ಚಾಲಕನಿಗೆ ಸಂಬಳ ತಿಂಗಳ ಲೆಕ್ಕದಲ್ಲಿ ಅಲ್ಲ, ಟ್ರಿಪ್ಪಿನ ಲೆಕ್ಕದಲ್ಲಿ. ಹೆಚ್ಚು ಟ್ರಿಪ್ ಹೊಡೆದರೆ ಹೆಚ್ಚು ಕೂಲಿ. ಹೆಚ್ಚು ತುಂಬಿದರೆ ಮಾಲೀಕನಿಗೆ ಹೆಚ್ಚು ಲಾಭ. ಘಟ್ಟ ಇಳಿಯುವಾಗ ಮಿತಿಮೀರಿದ ಭಾರವನ್ನು ಬ್ರೇಕಿನಿಂದಲೇ ತಡೆಯುತ್ತ ಬಂದರೆ ಬ್ರೇಕಿನ ಡ್ರಮ್ಮು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯಬೇಕೆಂಬುದು ಚಾಲಕನಿಗೆ ಗೊತ್ತಿಲ್ಲದ ಸಂಗತಿಯಲ್ಲ. ನಿಧಾನಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಅಷ್ಟೆ. ದಿನಕ್ಕೆ 8 ಗಂಟೆಯ ದುಡಿಮೆ ಎಂಬ ನಿಯಮ ಸಾರಿಗೆ ಕಾರ್ಮಿಕರಿಗೆ 1961ರ ಕಾಯಿದೆಯಲ್ಲಿಯೇ ಬಂದಿತ್ತು; ಕ್ವಾರಿಯ ದಾರಿಗೆ ಅದು ಇನ್ನೂ ತಲುಪಿಲ್ಲ.

ಕ್ವಾರಿಯೊಳಗೆ ಟಿಪ್ಪರ್ ಹಿಂದಕ್ಕೆ ಬರುವಾಗ ಸೂಚನೆ ಕೊಡಲು ಒಬ್ಬ ಆಳು ನಿಂತಿರಬೇಕು. ಆ ಆಳಿನ ಕೂಲಿಯನ್ನು ಉಳಿಸಲಾಗುತ್ತದೆ. ಜಲ್ಲಿ ಆಯುತ್ತಿದ್ದ ಹೆಣ್ಣುಮಗಳು ಚಕ್ರದಡಿ ಸಿಕ್ಕುತ್ತಾಳೆ. ಮಣ್ಣು ಸುರಿಯುವ ಅಂಚಿಗೆ ತಡೆದಿಣ್ಣೆ ಇರಬೇಕು. ಮಳೆಗೆ ನೆನೆದ ಅಂಚು ಕುಸಿದು ವಾಹನ ಉರುಳುತ್ತದೆ. ಎತ್ತಿದ ಬಾಡಿ ಇಳಿಸುವುದನ್ನು ಮರೆತು ಮುಂದೆ ಸಾಗಿದರೆ ಮೇಲಿನ ವಿದ್ಯುತ್ ತಂತಿ ತಗುಲುತ್ತದೆ. ಇವೆಲ್ಲ ತಡೆಯಬಹುದಾದ ಸಾವುಗಳು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯದೆ ಗೋಡೆಯಂತೆ ನೇರ ಕಡಿಯುವ ಕ್ವಾರಿ ಬೆಟ್ಟಕ್ಕೆ ಎಷ್ಟು ಅಪಾಯವೋ ಅದರ ಬುಡದಲ್ಲಿ ನಿಂತ ಯಂತ್ರದ ಚಾಲಕನಿಗೂ ಅಷ್ಟೇ ಅಪಾಯ.

ಮೊದಲ ಗಂಟೆಗಳಲ್ಲಿ ನಡೆಯುವುದು

ಮೂವತ್ತು ವರ್ಷದ ಒಬ್ಬ ಟಿಪ್ಪರ್ ಚಾಲಕನನ್ನು ಊಹಿಸಿಕೊಳ್ಳಬಹುದು. ಕ್ವಾರಿಯಿಂದ ಕ್ರಷರಿಗೆ ಕಲ್ಲು ಸಾಗಿಸುವಾಗ ವಾಹನ ಮಗುಚಿ ಅವನ ಬಲಗಾಲು ಜಜ್ಜಿಹೋಗುತ್ತದೆ. ಮಾಲೀಕನ ಕಡೆಯವರು ಅವನನ್ನು ಜೀಪಿನಲ್ಲಿ ಹಾಕಿಕೊಂಡು ದೂರದ ಊರಿನ ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿ ಬೈಕಿನಿಂದ ಬಿದ್ದನೆಂದು ಬರೆಸುತ್ತಾರೆ. ಕಾಲು ಕತ್ತರಿಸಿದ ಮೂರನೆಯ ದಿನ ಹಾಸಿಗೆಯ ಬಳಿ ಒಂದಷ್ಟು ನೋಟುಗಳೂ ಒಂದು ಛಾಪಾ ಕಾಗದವೂ ಬರುತ್ತವೆ. ಮುಂದೆ ಯಾವ ಹಕ್ಕೂ ಕೇಳುವುದಿಲ್ಲವೆಂಬ ಒಕ್ಕಣೆಗೆ ಹೆಬ್ಬೆಟ್ಟು ಬೀಳುತ್ತದೆ. ಅಷ್ಟರಲ್ಲಿ ಮಗುಚಿದ ವಾಹನ ಜಾಗದಿಂದ ಮಾಯವಾಗಿರುತ್ತದೆ.

ಇದೊಂದು ಕಲ್ಪಿತ ಉದಾಹರಣೆ. ಆದರೆ ಕ್ವಾರಿಯ ಸುತ್ತಲಿನ ಯಾವ ಊರಿಗೂ ಇದು ಅಪರಿಚಿತವಲ್ಲ. ಪರವಾನಗಿಯಿಲ್ಲದ ಕ್ವಾರಿಯಲ್ಲಿ ಅಪಘಾತವಾಯಿತೆಂದು ದಾಖಲಾದರೆ ಕ್ವಾರಿಯೇ ಬಯಲಾಗುತ್ತದೆ. ಆದುದರಿಂದಲೇ ಗಾಯಾಳುವನ್ನು ಮೊದಲು ಮರೆಮಾಡಲಾಗುತ್ತದೆ. ಕ್ವಾರಿ ಅಕ್ರಮವಾಗಿತ್ತೆಂಬ ಅಂಜಿಕೆಯಿಂದ ಕಾರ್ಮಿಕನೂ ಬಾಯಿ ಕಟ್ಟಿಕೊಳ್ಳುತ್ತಾನೆ. ಅಲ್ಲಿಯೇ ಅವನು ಸೋಲುವುದು. ಅವನು ಯಾರ ಬಳಿ ದುಡಿಯುತ್ತಿದ್ದ, ಗಾಯ ಆ ದುಡಿಮೆಯಿಂದ, ದುಡಿಮೆಯ ಹೊತ್ತಿನಲ್ಲಿ ಆಯಿತೇ ಎಂಬುದೇ ಪರಿಹಾರದ ಮೂಲ ಪ್ರಶ್ನೆ. ಮಾಲೀಕನ ತಪ್ಪಿಗೆ ಕೂಲಿಯವನ ಬಾಯಿ ಮುಚ್ಚಬೇಕಾದ ಕಾರಣವಿಲ್ಲ.

ತಪ್ಪು ಯಾರದೆಂದು ಕೇಳದ ಕಾಯಿದೆ

ಕೆಲಸಗಾರರ ಪರಿಹಾರ ಕಾಯಿದೆ ಈ ದೇಶಕ್ಕೆ ಬಂದದ್ದು 1923ರಲ್ಲಿ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಆ ಕಾಯಿದೆ ಅದರೊಳಗೆ ಸೇರಿತು. ಹೆಸರು, ಕಲಮುಗಳ ಸಂಖ್ಯೆ ಬದಲಾದವು, ತತ್ವ ಉಳಿಯಿತು. ಆ ತತ್ವ ಇದು: ದುಡಿಮೆಯಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು, ಮಾಲೀಕ ತಪ್ಪು ಮಾಡಿದನೆಂದು ಕಾರ್ಮಿಕ ಸಾಧಿಸಬೇಕಾಗಿಲ್ಲ.

ಚಾಲಕರಿಗೆ ಇದು ಬಹುಮುಖ್ಯ. ವಾಹನ ಮಗುಚಿದಾಗ ಪೊಲೀಸರು ಅನೇಕ ವೇಳೆ ಚಾಲಕನ ಮೇಲೆಯೇ ಅಜಾಗರೂಕತೆಯ ಮೊಕದ್ದಮೆ ಹೂಡುತ್ತಾರೆ. ಆಗ ಅವನು ತನಗೇನೂ ಸಿಗದೆಂದು ಕೈಚೆಲ್ಲುತ್ತಾನೆ. ಮೋಟಾರು ವಾಹನ ನ್ಯಾಯಮಂಡಳಿಯಲ್ಲಿ ತನ್ನದೇ ಅಜಾಗರೂಕತೆಯ ಆಧಾರದ ಮೇಲೆ ಚಾಲಕ ಪರಿಹಾರ ಪಡೆಯುವುದು ಕಷ್ಟವೆಂಬುದು ನಿಜ. ಆದರೆ ಕಾರ್ಮಿಕ ಪರಿಹಾರದ ಬಾಗಿಲು ಅವನಿಗೆ ತೆರೆದೇ ಇರುತ್ತದೆ. ಕುಡಿದಿದ್ದ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ ಎಂಬ ಆಕ್ಷೇಪಗಳಿಗೆ ಅಲ್ಲಿ ಸ್ವಲ್ಪ ಜಾಗವಿದೆ. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಲ್ಲಿ ಆ ಆಕ್ಷೇಪಗಳೂ ನಡೆಯುವುದಿಲ್ಲ.

ಪರಿಹಾರದ ಲೆಕ್ಕಕ್ಕೆ ಮೂರು ಅಂಶಗಳು ಬೇಕು: ತಿಂಗಳ ವೇತನ, ವಯಸ್ಸಿಗೆ ತಕ್ಕ ಗುಣಕಾಂಕ, ಗಳಿಕೆಯ ಶಕ್ತಿಯಲ್ಲಾದ ನಷ್ಟ. ಸತ್ತರೆ ವೇತನದ ಶೇ. 50, ಶಾಶ್ವತ ಪೂರ್ಣ ವೈಕಲ್ಯವಾದರೆ ಶೇ. 60 ಭಾಗವನ್ನು ಗುಣಕಾಂಕದಿಂದ ಗುಣಿಸಬೇಕು. 2020ರಲ್ಲಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ವೇತನವನ್ನು 15,000 ರೂಪಾಯಿಗೆ ಏರಿಸಲಾಯಿತು. ಮೂವತ್ತು ವರ್ಷದವನ ಗುಣಕಾಂಕ 207.98. ಆ ವೇತನದ ಮೇಲೆ ಲೆಕ್ಕ ಹಾಕಿದರೆ ಸಾವಿಗೆ 15,59,850 ರೂಪಾಯಿ, ಪೂರ್ಣ ವೈಕಲ್ಯಕ್ಕೆ 18,71,820 ರೂಪಾಯಿ ಆಗುತ್ತದೆ. ಚಿಕಿತ್ಸೆಯ ನಿಜವಾದ ವೆಚ್ಚ ಇದರ ಹೊರಗೆ. ಹಾಸಿಗೆಯ ಬಳಿ ಬಂದ ನೋಟುಗಳ ಕಟ್ಟನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಿದಾಗ ಹೆಬ್ಬೆಟ್ಟಿನ ಬೆಲೆ ತಿಳಿಯುತ್ತದೆ.

ಹಾಗೆ ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲ ಎಂಬುದನ್ನೂ ತಿಳಿದಿರಬೇಕು. ಕಾರ್ಮಿಕ ಸತ್ತಾಗ ಪರಿಹಾರದ ಹಣವನ್ನು ಮಾಲೀಕ ಪ್ರಾಧಿಕಾರಿಯ ಬಳಿ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟು ಚುಕ್ತಾ ಆಯಿತೆನ್ನುವಂತಿಲ್ಲ. ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡವನ್ನೂ ವಿಧಿಸಬಹುದು.

ಕಾಲಿನ ಬೆಲೆ, ಕಸುಬಿನ ಬೆಲೆ

ಯಾವ ಅಂಗ ಹೋದರೆ ಗಳಿಕೆಯ ಎಷ್ಟು ನಷ್ಟವೆಂಬ ಪಟ್ಟಿಯೊಂದು ಕಾಯಿದೆಯಲ್ಲಿದೆ. ಹೆಬ್ಬೆರಳು ಹೋದರೆ ಶೇ. 30, ಎರಡೂ ಕೈ ಹೋದರೆ ಶೇ. 100. ಆದರೆ ದೇಹದ ನಷ್ಟವೂ ಕಸುಬಿನ ನಷ್ಟವೂ ಒಂದೇ ಅಲ್ಲ. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಪ್ರಕರಣ ಬಂತು. ಚಿತ್ರಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಬಿದ್ದು ಅವನ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಗಿತ್ತು. ಒಂದೇ ಕೈಯಲ್ಲಿ ಬಡಗಿಯ ಕೆಲಸ ಸಾಗದು. ಆದುದರಿಂದ ಇದು ಪೂರ್ಣ ವೈಕಲ್ಯವೇ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಪರಿಹಾರ ಅಪಘಾತವಾದ ದಿನದಿಂದಲೇ ಸಲ್ಲತಕ್ಕದ್ದೆಂದೂ ಹೇಳಿತು. 2010ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಎಡಗೈ ಹೋದ ಚಾಲಕ ಅಥವಾ ಬಡಗಿಯ ನಷ್ಟವೂ ಕಚೇರಿಯ ಗುಮಾಸ್ತನ ನಷ್ಟವೂ ಬೇರೆ ಬೇರೆ ಎಂದು ವಿವರಿಸಿತು.

ಇದರ ಅರ್ಥ ಸ್ಪಷ್ಟ. ಬಲಗಾಲು ಹೋದ ಟಿಪ್ಪರ್ ಚಾಲಕನಿಗೆ ವೈದ್ಯರು ಅಂಗದ ಲೆಕ್ಕದಲ್ಲಿ ಅರ್ಧ ನಷ್ಟವೆಂದು ಬರೆಯಬಹುದು. ಆದರೆ ಅವನು ಮತ್ತೆ ಟಿಪ್ಪರ್ ನಡೆಸಬಲ್ಲನೇ ಎಂಬ ಪ್ರಶ್ನೆಯನ್ನು ನ್ಯಾಯಪೀಠದ ಮುಂದಿಡಲೇಬೇಕು. ಸರಕಾರಿ ಸಾರಿಗೆ ಸಂಸ್ಥೆಯ ಚಾಲಕನಿಗೆ ಅಂಗವೈಕಲ್ಯ ಬಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಕೆಲಸದಿಂದ ತೆಗೆಯುವಂತಿಲ್ಲ. ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಕ್ವಾರಿಯ ಚಾಲಕನಿಗೆ ಆ ಆಸರೆಯಿಲ್ಲ. ಅವನ ಪಾಲಿಗೆ ಪರಿಹಾರದ ಮೊತ್ತವೇ ಉಳಿದ ಬದುಕಿನ ಬಂಡವಾಳ.

ಯಾರ ಮೇಲೆ, ಎಲ್ಲಿ, ಎಂದು

ಕ್ವಾರಿ ಒಬ್ಬನ ಹೆಸರಲ್ಲಿ, ಗುತ್ತಿಗೆ ಇನ್ನೊಬ್ಬನದು, ಟಿಪ್ಪರ್ ಮೂರನೆಯವನದು, ಕೂಲಿ ಬಟವಾಡೆ ಮಾಡುವವನು ಮೇಸ್ತ್ರಿ. ಅಪಘಾತವಾದ ಮರುದಿನ ನಾಲ್ವರೂ ಅವನು ನಮ್ಮ ಆಳಲ್ಲ ಎನ್ನುತ್ತಾರೆ. ಕಾಯಿದೆ ಇದನ್ನು ಮೊದಲೇ ಊಹಿಸಿದೆ. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನೇ ಪರಿಹಾರಕ್ಕೆ ಹೊಣೆ. ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವನ ಪಾಡು. ಚಾಲಕ, ಕ್ಲೀನರ್, ಸರಕು ವಾಹನದಲ್ಲಿ ಒಯ್ಯಲಾಗುವ ಕೆಲಸಗಾರ ಇವರ ಹೊಣೆಯನ್ನು ವಾಹನದ ಕಡ್ಡಾಯ ವಿಮೆಯೇ ಹೊರಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಸರಕಿನ ಒಡೆಯನಾಗಿ ಲಾರಿಯಲ್ಲಿ ಹೊರಟವನಿಗೂ ಆ ವಿಮೆಯ ರಕ್ಷಣೆಯಿದೆ. ಸಂತೆಯ ವ್ಯಾಪಾರಿಗಳು ಇದನ್ನು ನೆನಪಿಡಬೇಕು. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕನಿಗೆ ಮಾತ್ರ ಅದು ಸಿಗದು.

ಬೇರೆಯವರ ವಾಹನದ ತಪ್ಪಿನಿಂದ ಕಾರ್ಮಿಕನಿಗೆ ಗಾಯವಾದಾಗ ಎರಡು ದಾರಿಗಳುಂಟು: ಕಾರ್ಮಿಕ ಪರಿಹಾರ, ಇಲ್ಲವೇ ಮೋಟಾರು ವಾಹನ ನ್ಯಾಯಮಂಡಳಿ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ನ್ಯಾಯಮಂಡಳಿಯಲ್ಲಿ ವೇತನಕ್ಕೆ ಮಿತಿಯಿಲ್ಲದ ಕಾರಣ ಮೊತ್ತ ಹೆಚ್ಚಾಗಬಹುದು, ಆದರೆ ಎದುರು ಚಾಲಕನ ತಪ್ಪನ್ನು ಸಾಧಿಸಬೇಕಾಗುತ್ತದೆ. ಕಾರ್ಮಿಕ ಪರಿಹಾರದ ಅರ್ಜಿಗೆ ಎರಡು ವರ್ಷಗಳ ಅವಧಿಯಿದೆ. ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಹೋಗಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ. ಆದುದರಿಂದ ಗಾಯ ಮಾಯಲೆಂದು ಕಾದು ಕೂರುವುದು ತರವಲ್ಲ. ಇ.ಎಸ್.ಐ. ವ್ಯಾಪ್ತಿಗೆ ಬಂದ ಕಾರ್ಮಿಕನಿಗೆ ಪರಿಹಾರ ಆ ನಿಗಮದಿಂದಲೇ ಸಲ್ಲುತ್ತದೆ.

ಪರಊರಿನಿಂದ ಬಂದ ಕಾರ್ಮಿಕ ಅಪಘಾತವಾದ ಊರಿನಲ್ಲಿಯೇ ಅರ್ಜಿ ಹಾಕಬೇಕೆಂದಿಲ್ಲ. ತಾನಿರುವ ಊರಿನ ವ್ಯಾಪ್ತಿಯಲ್ಲಿಯೂ ಹಾಕಬಹುದು. ಮನೆಯಿಂದ ಕೆಲಸದ ಜಾಗಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತವನ್ನೂ, ಕೆಲಸದೊಂದಿಗೆ ಸಂಬಂಧ ಕಂಡುಬಂದಲ್ಲಿ, ಹೊಸ ಸಂಹಿತೆ ಒಳಗೊಳ್ಳುತ್ತದೆ. ಪಿಕಪ್ಪುಗಳಲ್ಲಿ ತುಂಬಿಕೊಂಡು ಕಾಫಿ ತೋಟಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕು. ವಕೀಲರಿಗೆ ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಮುಂತಾದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಊರು ಮಾಡಬಹುದಾದುದು

ಕಾಯಿದೆ ಇದೆಯೆಂದ ಮಾತ್ರಕ್ಕೆ ಹಣ ನಡೆದುಬರುವುದಿಲ್ಲ. ಸಾಕ್ಷ್ಯ ಬೇಕು, ಸಾಕ್ಷ್ಯ ಅಳಿಯುವುದು ಮೊದಲ ಎರಡು ದಿನಗಳಲ್ಲಿ. ಊರಿನವರೂ ವಿದ್ಯಾರ್ಥಿಗಳೂ ನೆರವಾಗಬೇಕಾದದ್ದು ಅಲ್ಲಿಯೇ.

ಎಲ್ಲಕ್ಕಿಂತ ಮೊದಲು ಜೀವ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸರ ಕಿರುಕುಳ ಇರಕೂಡದೆಂದು ಕಾನೂನೇ ರಕ್ಷಣೆ ಕೊಟ್ಟಿದೆ. ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಂತೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂದು ಬರೆಸುವಾಗ ಇದ್ದದ್ದನ್ನೇ ಬರೆಸಬೇಕು: ಯಾವ ವಾಹನ, ಯಾವ ಜಾಗ, ಯಾರ ಕೆಲಸ. ಅಲ್ಲಿನ ಒಂದು ಸಾಲಿನ ಸುಳ್ಳು ಮುಂದೆ ಹತ್ತು ಸಾಕ್ಷಿಗಳನ್ನು ಸೋಲಿಸುತ್ತದೆ. ಠಾಣೆಯಲ್ಲಿ ದೂರು ದಾಖಲಾಗಿ ಸ್ಥಳ ಮಹಜರು ನಡೆಯುವಂತೆ ನೋಡಿಕೊಳ್ಳಬೇಕು. ವಾಹನ ಜಾಗ ಬಿಡುವ ಮುನ್ನ ಅದರ ಸಂಖ್ಯೆ ಕಾಣುವಂತೆ ಚಿತ್ರ ತೆಗೆದಿಡಬೇಕು. ಜೊತೆಗೆ ದುಡಿದವರ ಹೆಸರು, ಊರುಗಳನ್ನು ಬರೆದಿಡಬೇಕು. ಪರಊರಿನವರು ವಾರದೊಳಗೆ ಚದುರಿಹೋಗುತ್ತಾರೆ. ಕೂಲಿ ಜಮೆಯಾದ ಬ್ಯಾಂಕಿನ ಪುಸ್ತಕ, ಮುಂಗಡದ ಚೀಟಿ, ಮೇಸ್ತ್ರಿ ಕಳುಹಿಸಿದ ಸಂದೇಶ, ಇವೆಲ್ಲ ಅವನು ಅಲ್ಲಿ ದುಡಿಯುತ್ತಿದ್ದನೆಂಬುದಕ್ಕೆ ಆಧಾರಗಳೇ.

ಇಲ್ಲಿ ಪರಿಸರ ಕಾರ್ಯಕರ್ತರ ಹಳೆಯ ಅನುಭವ ಹೊಸ ಉಪಯೋಗಕ್ಕೆ ಬರುತ್ತದೆ. ಕ್ವಾರಿಯಿಂದ ಹೊರಡುವ ಪ್ರತಿ ಲೋಡಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಬೇಕು. ಅದರಲ್ಲಿ ವಾಹನದ ಸಂಖ್ಯೆಯೂ ಕಲ್ಲಿನ ಪ್ರಮಾಣವೂ ಇರುತ್ತವೆ. ಕ್ರಷರಿನಲ್ಲಿ ತೂಕದ ಚೀಟಿ ಇರುತ್ತದೆ. ಬೆಟ್ಟದ ಲೂಟಿಯನ್ನು ಸಾಧಿಸಲು ಮಾಹಿತಿ ಹಕ್ಕಿನಡಿ ಕೇಳುವ ಕಾಗದಗಳು ಇವೇ. ಆ ದಿನ ಆ ವಾಹನ ಆ ಕ್ವಾರಿಯ ಕಲ್ಲು ಹೊತ್ತಿತ್ತು, ಮಿತಿಮೀರಿ ಹೊತ್ತಿತ್ತು ಎಂದು ಗಾಯಾಳುವಿನ ಪರವಾಗಿ ಹೇಳುವ ಕಾಗದಗಳೂ ಇವೇ. ಪರವಾನಗಿಯೇ ಇಲ್ಲವೆಂಬ ಉತ್ತರ ಬಂದರೆ ಅದು ಕ್ವಾರಿಯ ವಿರುದ್ಧದ ಸಾಕ್ಷ್ಯ.

ಚಳವಳಿ ಕ್ವಾರಿ ನಿಲ್ಲಿಸಲು ಹೊರಟಾಗ ಅಲ್ಲಿನ ಕೂಲಿಗಳು ಎದುರಾಗಿ ನಿಲ್ಲುವುದುಂಟು. ತಮ್ಮ ಅನ್ನ ಕಸಿಯಲು ಬಂದವರೆಂದು ಅವರು ತಿಳಿದರೆ ಆಶ್ಚರ್ಯವಿಲ್ಲ. ಅವರ ಕಾಲು ಮುರಿದ ದಿನ ಯಾರೂ ಬಂದಿರಲಿಲ್ಲ. ಜೆಸಿಬಿಯ ಚಾಲಕ ಆಸ್ಪತ್ರೆಯಲ್ಲಿದ್ದಾಗ ಅವನ ಹಾಸಿಗೆಯ ಬಳಿ ಛಾಪಾ ಕಾಗದ ಹಿಡಿದವನಿಗಿಂತ ಮೊದಲು ಊರಿನವರು ಹೋಗಿ ನಿಂತರೆ ಆ ಎದುರು ನಿಲುವು ಕರಗೀತು. ಬೆಟ್ಟದ ಕುರಿತು ಸತ್ಯ ನುಡಿಯಬಲ್ಲ ಸಾಕ್ಷಿಯೂ ಅವನೇ. ಎಲ್ಲಿ ಎಷ್ಟು ಆಳ ಅಗೆದರು, ಯಾವ ರಾತ್ರಿ ಎಷ್ಟು ಲೋಡು ಹೋಯಿತು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಡಿದ ಮರಗಳ ಪಟ್ಟಿ ಇಡುವ ಪುಸ್ತಕದಲ್ಲಿ ಇನ್ನು ಮುಂದೆ ಇನ್ನೊಂದು ಪುಟವೂ ಇರಲಿ. ಅದರಲ್ಲಿ ಗಾಯಗೊಂಡವನ ಹೆಸರು, ದಿನ, ಜಾಗ, ವಾಹನದ ಸಂಖ್ಯೆ, ಅರ್ಜಿ ಹಾಕಲು ಉಳಿದಿರುವ ಅವಧಿ, ಇಷ್ಟನ್ನು ಬರೆಯಲು ಕಾಲೇಜು ವಿದ್ಯಾರ್ಥಿಯೊಬ್ಬ ಸಾಕು. ಮಳೆಗಾಲ ಬರುತ್ತದೆ, ಕಡಿದ ಗುಡ್ಡ ಮತ್ತೆ ಜರಿಯುತ್ತದೆ. ಅದರ ಕೆಳಗೆ ಯಾರಿದ್ದರು ಎಂಬ ಪ್ರಶ್ನೆಗೆ ಊರಿನ ಬಳಿ ಉತ್ತರವಿರಲಿ.